ತಾಮ್ರದ ದುಡ್ಡು ಮತ್ತು ಸರ್ ವಾಲ್ಟರ್ ಎಲಿಯಟ್

ಚಿನ್ನವನ್ನು ಕಾಯಲು ಎಲ್ಲರೂ ಇದ್ದಾರೆ. ತಾಮ್ರವನ್ನು ಕಾಯುವವರು ವಿರಳ. ಹೊನ್ನು ವರಹಗಳು ಅರಸರ ಬೊಕ್ಕಸದಲ್ಲಿಯೋ ಸಾಹುಕಾರರ ತಿಜೋರಿಯಲ್ಲಿಯೋ ಸುಖವಾಗಿ ಮಲಗಿದ್ದವು. ತಾಮ್ರದ ದುಡ್ಡು ಮಾತ್ರ ಒಂದು ದಿನವೂ ವಿಶ್ರಾಂತಿಯನ್ನು ಕಂಡುದಿಲ್ಲ. ಉಪ್ಪು ಕೊಳ್ಳುವ ಹೆಣ್ಣುಮಗಳ ಸೆರಗಿನ ಗಂಟಿನಿಂದ ಅಂಗಡಿಕಾರನ ಗಲ್ಲಾಪೆಟ್ಟಿಗೆಗೆ, ಅಲ್ಲಿಂದ ನೇಕಾರನ ಕೈಗೆ, ಅಲ್ಲಿಂದ ಜಾತ್ರೆಯ ತಟ್ಟೆಗೆ, ಹೀಗೆ ತಿರುಗಿ ತಿರುಗಿ ಸವೆದು ಕೊನೆಗೆ ಕಂಚಗಾರನ ಮೂಸೆಯನ್ನು ಸೇರುವುದೇ ಅದರ ಗತಿ. ಆದುದರಿಂದಲೇ ಅರಸರ ಚರಿತ್ರೆಯನ್ನು ಚಿನ್ನವು ಹೇಳಿದರೆ ಜನರ ಚರಿತ್ರೆಯನ್ನು ತಾಮ್ರವು ಹೇಳುತ್ತದೆ ಎಂದರೆ ತಪ್ಪಾಗಲಾರದು.

ಈ ಮಾತು ನನಗೆ ಪುಸ್ತಕದಿಂದ ತಿಳಿದುದಲ್ಲ. ಒಂದು ತಪ್ಪಿನಿಂದ ತಿಳಿದುದು. ನಮ್ಮ ಮನೆಯ ದೇವರ ಜಗುಲಿಯ ಮೇಲೆ ಒಂದು ಹಿತ್ತಾಳೆಯ ಡಬ್ಬಿಯಲ್ಲಿ ಏಳು ಶಿವರಾಯಿ ದುಡ್ಡುಗಳಿದ್ದವು. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಅವನ್ನು ಹೊರಗೆ ತೆಗೆದು ಕುಂಕುಮ ಹಚ್ಚಿ ಮತ್ತೆ ಒಳಗಿಡುವುದು ಅಜ್ಜಿಯ ಪದ್ಧತಿ. ಅವುಗಳ ಮೈಯೆಲ್ಲ ಕಪ್ಪಗೆ, ಅಂಚಿನಲ್ಲಿ ಹಸಿರುಗಟ್ಟಿ ಇರುವುದನ್ನು ಕಂಡು, ಒಂದು ವರ್ಷ ನಾನು ಹುಣಸೆಹುಳಿ ಮತ್ತು ಬೂದಿ ಹಚ್ಚಿ ಚೆನ್ನಾಗಿ ತಿಕ್ಕಿದೆ. ದುಡ್ಡುಗಳು ಹೊಸ ತಂಬಿಗೆಯಂತೆ ಕೆಂಪಗೆ ಹೊಳೆದವು. ಅಜ್ಜಿಗೂ ಸಂತೋಷವಾಯಿತು. ಒಂದನ್ನು ಹೆಮ್ಮೆಯಿಂದ ಕಾಲೇಜಿಗೆ ತಂದು ಇತಿಹಾಸದ ಅಧ್ಯಾಪಕರಿಗೆ ತೋರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಮುನ್ನೂರು ವರ್ಷಗಳ ಕಾಲ ಈ ನಾಣ್ಯವು ಹೊದ್ದುಕೊಂಡಿದ್ದ ಅಂಗಿಯನ್ನು ನಾನು ಒಂದು ಗಳಿಗೆಯಲ್ಲಿ ಕಿತ್ತೆಸೆದೆನೆಂದು ಹೇಳಿದರು. ಅಕ್ಷರಗಳ ಅಂಚುಗಳು ಮಾಸಿದ್ದವು. ಮೊದಲು ಓದಬಹುದಾಗಿದ್ದ ಒಂದು ಅಕ್ಷರವು ಈಗ ಬರಿಯ ಗೀರಾಗಿತ್ತು. ಆ ನಾಚಿಕೆಯೇ ನನ್ನನ್ನು ಗ್ರಂಥಾಲಯದ ಕಡೆಗೆ ಕರೆದೊಯ್ದಿತು. ಅಲ್ಲಿ ನಮ್ಮ ಸೀಮೆಯ ನಾಣ್ಯಗಳ ವಿಷಯವಾಗಿ ಓದುತ್ತ ಹೋದಂತೆ ಮತ್ತೆ ಮತ್ತೆ ಎದುರಾದ ಹೆಸರೇ ಸರ್ ವಾಲ್ಟರ್ ಎಲಿಯಟ್ ಅವರದು.

ಈ ಹೆಸರನ್ನು ಬೆಳಗಾವಿ ಜಿಲ್ಲೆಯ ಯಾವ ವಿದ್ಯಾರ್ಥಿಯೂ ಮರೆಯುವಂತಿಲ್ಲ. ಕಿತ್ತೂರಿನ ಕೋಟೆಯಲ್ಲಿ ರಾಣಿ ಚೆನ್ನಮ್ಮನ ಸೆರೆಯಾಳುಗಳಾಗಿದ್ದ ಇಬ್ಬರು ತರುಣ ಇಂಗ್ಲಿಷ್ ಅಧಿಕಾರಿಗಳಲ್ಲಿ ಎಲಿಯಟ್ ಒಬ್ಬರು, ಇನ್ನೊಬ್ಬರು ಸ್ಟೀವನ್‌ಸನ್. ನಾಟಕದಲ್ಲಿಯೂ ಲಾವಣಿಯಲ್ಲಿಯೂ ಅವರ ಪಾತ್ರ ಅಲ್ಲಿಗೆ ಮುಗಿಯುತ್ತದೆ. ಸೆರೆಯಿಂದ ಬಿಡುಗಡೆಯಾದ ಮೇಲೆ ಆ ತರುಣನು ಏನಾದನೆಂಬುದನ್ನು ಕೇಳಿದವರು ಕಡಿಮೆ. ಆ ಮುಂದಿನ ಕಥೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ವಾಲ್ಟರ್ ಎಲಿಯಟ್ ಅವರು 1803ನೆಯ ಇಸವಿಯ ಜನೆವರಿ 16ರಂದು ಸ್ಕಾಟ್ಲಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದರು. ವುಲ್ಫ್‌ಲೀ ಎಂಬುದು ಅವರ ಮನೆತನದ ಊರು. ಕಂಪನಿ ಸರಕಾರದ ನೌಕರಿಗೆ ಸೇರುವವರು ಕಲಿಯುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಓದಿ, 1821ರಲ್ಲಿ ಮದರಾಸಿಗೆ ಬಂದಿಳಿದಾಗ ಅವರಿಗೆ ಹದಿನೆಂಟು ವರ್ಷ. ಅದೇ ವರ್ಷ ಕಲಕತ್ತೆಯಲ್ಲಿ ಕರ್ನಲ್ ಕಾಲಿನ್ ಮೆಕೆಂಜಿಯವರು ತೀರಿಕೊಂಡರು. ದಕ್ಷಿಣ ದೇಶದ ಕೈಫಿಯತ್ತುಗಳನ್ನೂ ಓಲೆಗರಿಗಳನ್ನೂ ನಾಣ್ಯಗಳನ್ನೂ ಮೊಟ್ಟಮೊದಲು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿದ ಮಹನೀಯರು ಅವರು. ಒಬ್ಬರು ಕೆಳಗಿಟ್ಟ ಕೆಲಸವನ್ನು ಇನ್ನೊಬ್ಬರು ಎತ್ತಿಕೊಳ್ಳಲು ಬಂದಂತೆ ಈ ಎರಡು ಘಟನೆಗಳು ಒಂದೇ ವರ್ಷದಲ್ಲಿ ಕೂಡಿಬಂದುದು ಕಾಕತಾಳೀಯವಾದರೂ ನೆನಪಿಡತಕ್ಕದ್ದು.

ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಲ್ಲಿ ದೇಶಭಾಷೆಗಳನ್ನು ಕಲಿಯುವುದು ಆ ಕಾಲದ ಹೊಸ ಅಧಿಕಾರಿಗಳಿಗೆ ಕಡ್ಡಾಯವಾಗಿತ್ತು. ಎಲಿಯಟ್ ಅವರು ತಮಿಳು ಮತ್ತು ಹಿಂದುಸ್ತಾನಿ ಭಾಷೆಗಳಲ್ಲಿ ಪಡೆದ ಪ್ರಾವೀಣ್ಯಕ್ಕಾಗಿ ಒಂದು ಸಾವಿರ ವರಹಗಳ ಬಹುಮಾನವನ್ನು ಗಳಿಸಿದರು. ಮುಂದೆ ಇದೇ ವರಹ ಎಂಬ ಹೆಸರಿನ ಮೂಲವನ್ನೂ ಅದರ ಮೇಲಿನ ಚಾಲುಕ್ಯರ ವರಾಹ ಲಾಂಛನದ ಹಿನ್ನೆಲೆಯನ್ನೂ ಶೋಧಿಸಲಿರುವ ಮನುಷ್ಯನಿಗೆ ಇದಕ್ಕಿಂತ ಒಪ್ಪುವ ಬಹುಮಾನ ಬೇರೊಂದಿರಲಿಕ್ಕಿಲ್ಲ.

ತರುವಾಯ ಅವರು ತಾವಾಗಿಯೇ ಕೇಳಿಕೊಂಡು ದಕ್ಷಿಣ ಮರಾಠಾ ಸೀಮೆಗೆ ಬಂದರು. ಪೇಶವೆಯವರ ರಾಜ್ಯವು 1818ರಲ್ಲಿ ಕೊನೆಗೊಂಡ ಬಳಿಕ ಇಂಗ್ಲಿಷರು ಧಾರವಾಡವನ್ನು ಮುಖ್ಯ ಠಾಣೆಯನ್ನಾಗಿ ಮಾಡಿಕೊಂಡು ಈ ಭಾಗವನ್ನೆಲ್ಲ ಆಳುತ್ತಿದ್ದರು. ಬೆಳಗಾವಿಯು ಬೇರೆ ಜಿಲ್ಲೆಯಾದುದು 1836ರಲ್ಲಿ. ನಮ್ಮ ಚಿಕ್ಕೋಡಿ ಸೀಮೆಯು 1817ರಲ್ಲಿ ಕೊಲ್ಹಾಪುರದ ಅರಸರಿಗೆ ಸೇರಿ, 1827ರಲ್ಲಿ ಮರಳಿ ಇಂಗ್ಲಿಷರ ಕೈಗೆ ಬಂದಿತು. ನಿಪ್ಪಾಣಿಯಲ್ಲಿ ಸಿದ್ಧೋಜಿರಾವ ನಿಂಬಾಳಕರ ದೇಸಾಯರು 1839ರವರೆಗೆ ಬದುಕಿದ್ದರು. ರಾಯಬಾಗವಂತೂ ಕೊಲ್ಹಾಪುರ ಸಂಸ್ಥಾನವು 1949ರಲ್ಲಿ ವಿಲೀನವಾಗುವವರೆಗೆ ಅದರ ಭಾಗವಾಗಿಯೇ ಉಳಿದಿತ್ತು. ಹೀಗೆ ಹತ್ತು ಹರದಾರಿಯೊಳಗೆ ನಾಲ್ಕು ಒಡೆತನಗಳಿದ್ದ ಈ ನಾಡಿನಲ್ಲಿ ಚಲಾವಣೆಯ ನಾಣ್ಯಗಳೂ ಹಲವು ಬಗೆಯಾಗಿದ್ದುದು ಸಹಜವೇ ಆಗಿದೆ. ಅಥಣಿಯ ಪೇಟೆಯಲ್ಲಿಯೋ ಕಾಗವಾಡದ ಮೇಲಿಂದ ಮಿರಜಿಗೆ ಹೋಗುವ ಹಾದಿಯಲ್ಲಿಯೋ ವ್ಯಾಪಾರಕ್ಕೆ ಕುಳಿತವನು, ದುಡ್ಡನ್ನು ಎಣಿಸುವ ಮೊದಲು ಅದು ಯಾರ ದುಡ್ಡೆಂದು ನೋಡಬೇಕಾಗಿತ್ತು. ವಿಜಾಪುರದ ಆದಿಲಶಾಹಿಗಳ ಕಾಲದ ತಾಮ್ರ, ಛತ್ರಪತಿಗಳ ಹೆಸರಿನ ಶಿವರಾಯಿ, ದಕ್ಷಿಣದಿಂದ ಬಂದ ಟೀಪುವಿನ ಆನೆಯ ದುಡ್ಡು, ಕಂಪನಿಯ ಹೊಸ ಪೈಸೆ, ಇವೆಲ್ಲ ಹಳೆಯ ಮನೆಗಳ ಗಡಿಗೆಗಳಲ್ಲಿ ಇಂದಿಗೂ ಒಂದರ ಪಕ್ಕದಲ್ಲೊಂದು ದೊರೆಯುತ್ತವೆ.

1824ನೆಯ ವರ್ಷದಲ್ಲಿ ಆ ದುರ್ಘಟನೆ ನಡೆಯಿತು. ಕಿತ್ತೂರಿನ ಶಿವಲಿಂಗರುದ್ರಸರ್ಜ ದೇಸಾಯರು ಮಕ್ಕಳಿಲ್ಲದೆ ತೀರಿಕೊಂಡಾಗ ದತ್ತಕವನ್ನು ಒಪ್ಪದ ಧಾರವಾಡದ ಕಲೆಕ್ಟರ ಥ್ಯಾಕರೆಯವರು ಖಜಾನೆಗೆ ಬೀಗಮುದ್ರೆ ಹಾಕಿಸಿ, ಕೋಟೆಯ ಬಾಗಿಲಿಗೆ ತೋಪುಗಳನ್ನು ತಂದು ನಿಲ್ಲಿಸಿದರು. ಅಕ್ಟೋಬರ 23ರಂದು ಕಾಳಗವಾಗಿ ಥ್ಯಾಕರೆಯವರು ಹತರಾದರು. ಅವರ ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆ ಸಿಕ್ಕರು. ಎಲಿಯಟ್ ಅವರಿಗೆ ಆಗ ಇಪ್ಪತ್ತೊಂದು ವರ್ಷ. ಸುಮಾರು ಆರು ವಾರಗಳ ಕಾಲ ಅವರು ಕೋಟೆಯೊಳಗೆ ಇದ್ದರು. ಹೊರಗೆ ಇಂಗ್ಲಿಷರ ದಂಡು ದಿನದಿನಕ್ಕೂ ಬೆಳೆಯುತ್ತಿತ್ತು. ರಾಣಿಯವರ ಕೈಯಲ್ಲಿ ಇದ್ದ ದೊಡ್ಡ ಅಸ್ತ್ರವೆಂದರೆ ಈ ಇಬ್ಬರು ತರುಣರ ಪ್ರಾಣವೇ. ಆದರೂ ಅವರ ಕೂದಲೂ ಕೊಂಕಲಿಲ್ಲ. ಡಿಸೆಂಬರಿನ ಮೊದಲಲ್ಲಿ ಅವರಿಬ್ಬರನ್ನೂ ಬಿಟ್ಟುಕೊಡಲಾಯಿತು. ಬಿಟ್ಟುಕೊಟ್ಟ ಮೇಲೂ ಕೋಟೆ ಉಳಿಯಲಿಲ್ಲ. ಕೆಲವೇ ದಿನಗಳಲ್ಲಿ ಕಿತ್ತೂರು ಬಿದ್ದಿತು. ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕೊನೆಯುಸಿರೆಳೆದರು.

ಇಲ್ಲಿ ಓದುಗರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ನ್ಯಾಯವೇ. ಯಾವ ಸರಕಾರವು ನಮ್ಮ ರಾಣಿಯನ್ನು ಸೆರೆಗೆ ತಳ್ಳಿತೋ ಅದೇ ಸರಕಾರದ ನೌಕರನ ಗುಣಗಾನವನ್ನು ನಾವು ಏಕೆ ಮಾಡಬೇಕು? ಈ ಪ್ರಶ್ನೆಗೆ ನಾನು ಅವಸರದ ಉತ್ತರವನ್ನು ಕೊಡಲಾರೆ. ಮೊದಲು ಅವರು ಮಾಡಿದ ಕೆಲಸವನ್ನು ನೋಡೋಣ.

ಇಂಥ ಅನುಭವವಾದ ಬೇರೆ ಯಾವ ತರುಣನಾದರೂ ಆ ಸೀಮೆಯಿಂದ ದೂರ ಓಡುತ್ತಿದ್ದನು. ಎಲಿಯಟ್ ಅವರು ಮತ್ತೆ ಒಂಬತ್ತು ವರ್ಷ ಇಲ್ಲಿಯೇ ಇದ್ದರು. 1830ರಲ್ಲಿ ಈ ಪ್ರದೇಶವು ಮದರಾಸಿನ ಆಡಳಿತದಿಂದ ಮುಂಬಯಿಗೆ ಹೋದಾಗ ಮದರಾಸಿನ ನೌಕರರಾದ ಅವರು ಮರಳಿ ಹೋಗಬೇಕಾಗಿತ್ತು. ಮುಂಬಯಿ ಗವರ್ನರರಾದ ಸರ್ ಜಾನ್ ಮಾಲ್ಕಮ್ ಅವರ ವಿಶೇಷ ಕೇಳಿಕೆಯ ಮೇರೆಗೆ ಅವರನ್ನು ಇಲ್ಲಿಯೇ ಉಳಿಸಿಕೊಳ್ಳಲಾಯಿತು. ಆ ವರ್ಷಗಳಲ್ಲಿ ಅವರು ಕಂದಾಯದ ಕೆಲಸಕ್ಕಾಗಿ ಹಳ್ಳಿಹಳ್ಳಿಗೆ ತಿರುಗುವಾಗ ಗುಡಿಗಳ ಮುಂದೆ ನಿಂತ ಕಲ್ಲುಗಳನ್ನು ಕಂಡರು. ಆ ಹಳಗನ್ನಡ ಅಕ್ಷರಗಳನ್ನು ಊರಿನವರು ಓದಲಾರದೆ ಅವು ದೇವರ ಬರಹವೆಂದೋ ನಿಧಿಯ ಗುರುತೆಂದೋ ತಿಳಿದಿದ್ದರು. ಎಲಿಯಟ್ ಅವರು ದೇಶೀಯ ಪಂಡಿತರ ನೆರವಿನಿಂದ ಅವನ್ನು ಓದಿಸಿ ನಕಲು ಮಾಡಿಸತೊಡಗಿದರು. ಹೀಗೆ ಕೂಡಿದ ಶಾಸನಗಳ ಸಂಖ್ಯೆ 595. ಎರಡು ದೊಡ್ಡ ಸಂಪುಟಗಳ ಈ ಕರ್ನಾಟಕ ದೇಶದ ಶಾಸನಸಂಗ್ರಹವು ಕೈಬರಹದಲ್ಲಿಯೇ ಉಳಿಯಿತಾದರೂ, ಅದರ ಆಧಾರದಿಂದ ಅವರು ಬರೆದ ಪ್ರಬಂಧವು ಲಂಡನ್ನಿನ ರಾಯಲ್ ಏಶಿಯಾಟಿಕ್ ಸೊಸೈಟಿಯ ಪತ್ರಿಕೆಯ ನಾಲ್ಕನೆಯ ಸಂಪುಟದಲ್ಲಿ ಬೆಳಕು ಕಂಡಿತು. ಕಲ್ಯಾಣದ ಚಾಲುಕ್ಯರು, ಕಲಚುರಿಗಳು, ಯಾದವರು ಇವರ ವಂಶಾನುಕ್ರಮವನ್ನು ಶಾಸನಗಳ ಬಲದಿಂದ ಜೋಡಿಸಿದ ಮೊದಲ ಪ್ರಯತ್ನಗಳಲ್ಲಿ ಅದು ಒಂದು. ಮುಂದೆ ಫ್ಲೀಟ್ ಸಾಹೇಬರು ಕನ್ನಡ ಜಿಲ್ಲೆಗಳ ರಾಜವಂಶಗಳ ಇತಿಹಾಸವನ್ನು 1882ರಲ್ಲಿ ಬರೆಯುವಾಗ ಈ ತಳಹದಿಯ ಮೇಲೆಯೇ ನಿಂತರು. ನಕಲುಗಳಲ್ಲಿ ತಪ್ಪುಗಳಿದ್ದುವೆಂಬುದು ನಿಜ. ಆದರೆ ದಾರಿಯಿಲ್ಲದ ಕಡೆ ಮೊದಲ ಹೆಜ್ಜೆ ಇಟ್ಟವನ ಕಾಲಿಗೆ ಮುಳ್ಳು ಚುಚ್ಚಿತೆಂದು ಹಿಂದೆ ಬಂದವರು ನಗಬಾರದು.

ಕಲ್ಲು ಮಾತನಾಡದ ಕಡೆ ನಾಣ್ಯವು ಮಾತನಾಡೀತೆಂಬುದನ್ನು ಅವರು ಬಲ್ಲರು. ಶಾಸನಗಳೊಂದಿಗೆ ನಾಣ್ಯಗಳನ್ನೂ ಕೂಡಿಹಾಕತೊಡಗಿದರು. ಇಷ್ಟೇ ಅಲ್ಲ, ಅವರ ಕುತೂಹಲಕ್ಕೆ ಎಲ್ಲೆಯೇ ಇರಲಿಲ್ಲ. ದಕ್ಷಿಣ ಮರಾಠಾ ಸೀಮೆಯ ಪ್ರಾಣಿಗಳ ಪಟ್ಟಿಯೊಂದನ್ನು ಮಾಡಿ 1839ರಲ್ಲಿ ಪ್ರಕಟಿಸಿದರು. ಅದರಲ್ಲಿ ಪ್ರಾಣಿಗಳ ಕನ್ನಡ ಹೆಸರುಗಳನ್ನೂ ಕೊಟ್ಟರು. ನಮ್ಮ ಹೊಲಗಳ ಪೊದೆಯಲ್ಲಿ ವಾಸಿಸುವ ಗುಲಂದಿ ಎಂಬ ಇಲಿಗೆ ಪ್ರಾಣಿಶಾಸ್ತ್ರಜ್ಞರು ಇಟ್ಟ ಹೆಸರು ಗೊಲುಂಡ ಎಲಿಯಟಿ. ಒಂದು ಕನ್ನಡ ಮಾತು ಮತ್ತು ಎಲಿಯಟ್ ಅವರ ಹೆಸರು ಹೀಗೆ ಜಗತ್ತಿನ ಶಾಸ್ತ್ರಗ್ರಂಥಗಳಲ್ಲಿ ಒಂದೇ ಜೋಡಿಯಾಗಿ ನಿಂತುಬಿಟ್ಟಿವೆ.

1833ರ ಕೊನೆಗೆ ಅವರು ಸ್ವದೇಶಕ್ಕೆ ಹೊರಟರು. ಮತ್ತೆ ಭಾರತಕ್ಕೆ ಬಂದುದು ಮದರಾಸಿನ ಗವರ್ನರರಾದ ಲಾರ್ಡ್ ಎಲ್ಫಿನ್‌ಸ್ಟನ್ ಅವರ ಖಾಸಗಿ ಕಾರ್ಯದರ್ಶಿಯಾಗಿ. 1839ರಲ್ಲಿ ಅವರ ವಿವಾಹವಾಯಿತು. ಬಳಿಕ ರೆವಿನ್ಯೂ ಬೋರ್ಡಿನ ಸದಸ್ಯತ್ವ, ಬರಗಾಲದಿಂದ ಬೆಂದು ಹೋಗಿದ್ದ ಗುಂಟೂರು ಸೀಮೆಯ ವಿಚಾರಣೆ, ಉತ್ತರ ಸರಕಾರುಗಳ ಕಮಿಶನರಿಕೆ, 1854ರಿಂದ ಮದರಾಸು ಕೌನ್ಸಿಲಿನ ಸದಸ್ಯತ್ವ ಹೀಗೆ ಮೇಲೇರುತ್ತ ಹೋದರು. 1845ರಲ್ಲಿ ಅಮರಾವತಿಯ ಬೌದ್ಧಸ್ತೂಪದ ಸ್ಥಳದಲ್ಲಿ ಅವರು ಅಗೆಯಿಸಿ ತೆಗೆಸಿದ ಶಿಲ್ಪಗಳು ಮೊದಲು ಮದರಾಸಿನಲ್ಲಿದ್ದು ತರುವಾಯ ಲಂಡನ್ನಿಗೆ ಸಾಗಿದವು. ಬಹುಕಾಲ ಅವನ್ನು ಎಲಿಯಟ್ ಶಿಲೆಗಳೆಂದೇ ಕರೆಯುತ್ತಿದ್ದರು. 1858ರಲ್ಲಿ ಕಂಪನಿಯ ಆಳಿಕೆ ಮುಗಿದು ರಾಣಿ ವಿಕ್ಟೋರಿಯಾರ ಘೋಷಣೆಯಾದಾಗ, ಗವರ್ನರರ ಅನಾರೋಗ್ಯದ ಮೂಲಕ ಮದರಾಸಿನಲ್ಲಿ ಆ ಸಮಾರಂಭವನ್ನು ಹಿರಿಯ ಸದಸ್ಯರಾದ ಎಲಿಯಟ್ ಅವರೇ ನಡೆಸಬೇಕಾಯಿತು. ಇಷ್ಟು ಕೆಲಸದ ನಡುವೆ ತೆಲುಗು ಸಸ್ಯನಾಮಗಳ ಪುಸ್ತಕವೊಂದನ್ನು 1859ರಲ್ಲಿ ಹೊರತಂದರು. ಚಾರ್ಲ್ಸ್ ಡಾರ್ವಿನ್ ಅವರಿಗೆ ಈ ದೇಶದ ಪಾರಿವಾಳ ಕೋಳಿಗಳ ಚರ್ಮಗಳನ್ನು ಕಳಿಸಿಕೊಟ್ಟರು. ದಕ್ಷಿಣದ ನಾಣ್ಯಗಳ ಕುರಿತು ಮದರಾಸಿನ ವಿದ್ವತ್ಪತ್ರಿಕೆಯಲ್ಲಿ ಸಚಿತ್ರ ಲೇಖನಗಳನ್ನು ಬರೆದರು. ಕೆಲಸ ಬಹಳವಾಯಿತು, ಓದಲು ಹೊತ್ತಿಲ್ಲವೆಂದು ಗೊಣಗುವ ನಮ್ಮಂಥ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

ಈಗ ತಾಮ್ರದ ವಿಷಯಕ್ಕೆ ಬರೋಣ. ತಾಮ್ರದ ನಾಣ್ಯವನ್ನು ಓದುವುದು ಚಿನ್ನದ ನಾಣ್ಯವನ್ನು ಓದಿದಷ್ಟು ಸುಲಭವಲ್ಲ. ಹಳೆಯ ಟಂಕಸಾಲೆಗಳಲ್ಲಿ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಆದುದರಿಂದ ಪೂರ್ತಿ ಬರಹವು ಒಂದೇ ನಾಣ್ಯದ ಮೇಲೆ ಬೀಳುತ್ತಿದ್ದುದು ಅಪರೂಪ. ಒಂದು ಶಿವರಾಯಿಯ ಮೇಲೆ ಶ್ರೀ ಎಂಬುದು ಬಿದ್ದರೆ ರಾಜಾ ಎಂಬುದು ಅರ್ಧ. ಇನ್ನೊಂದರ ಹಿಂಬದಿಯಲ್ಲಿ ಛತ್ರ ಉಂಟು, ಪತಿ ಇಲ್ಲ. ವಿಜಯನಗರದ ದೇವರಾಯನ ಆನೆಯ ನಾಣ್ಯದ ಮೇಲೆ ಗಜಗಂಡಭೇರುಂಡ ಎಂಬ ಬಿರುದನ್ನು ಪೂರ್ಣವಾಗಿ ಓದಬೇಕಾದರೆ ಹಲವು ನಾಣ್ಯಗಳನ್ನು ಸಾಲಾಗಿ ಇಟ್ಟು, ಒಂದರ ತಲೆಯನ್ನು ಮತ್ತೊಂದರ ಬಾಲಕ್ಕೆ ಜೋಡಿಸಬೇಕು. ಹೀಗಾಗಿ ಚೆಲುವಾದ ಒಂದು ನಾಣ್ಯಕ್ಕಿಂತ ಸವೆದ ಇಪ್ಪತ್ತು ನಾಣ್ಯಗಳು ಕೆಲವೊಮ್ಮೆ ಹೆಚ್ಚು ಜ್ಞಾನವನ್ನು ಕೊಡುತ್ತವೆ. ಸಂಗ್ರಹವೆಂಬುದು ಅಲಂಕಾರವಲ್ಲ, ಅಧ್ಯಯನ ಎಂಬುದರ ಅರ್ಥ ಇದೇ.

ನಾಣ್ಯದ ದರ್ಜೆಯನ್ನು ಗೊತ್ತುಪಡಿಸುವಾಗ ಮೂರು ಪ್ರಶ್ನೆಗಳನ್ನು ಕೇಳಬೇಕು. ಮೊದಲನೆಯದು, ಅಚ್ಚು ಎಷ್ಟು ಚೆನ್ನಾಗಿ ಬಿದ್ದಿದೆ? ಎರಡನೆಯದು, ಬಿದ್ದ ಅಚ್ಚು ಎಷ್ಟು ಸವೆದಿದೆ? ಮೂರನೆಯದು, ಲೋಹದ ಮೈ ಹೇಗಿದೆ? ಮೊದಲೆರಡನ್ನು ಒಂದೇ ಎಂದು ಭ್ರಮಿಸುವುದು ಹೊಸಬರ ತಪ್ಪು. ಹೊಡೆತ ಹಗುರಾಗಿ ಅಕ್ಷರ ಮೂಡದ ಕಡೆ ಬಿಲ್ಲೆಯ ಮೊದಲಿನ ಒರಟುತನ ಹಾಗೆಯೇ ಉಳಿದಿರುತ್ತದೆ. ಕೈಯಿಂದ ಕೈಗೆ ಹೋಗಿ ಸವೆದ ಕಡೆ ಉಬ್ಬಿದ ಭಾಗಗಳು ನುಣುಪಾಗಿರುತ್ತವೆ. ಒಂದು ಹುಟ್ಟಿನ ಕೊರತೆ, ಇನ್ನೊಂದು ದುಡಿಮೆಯ ಗುರುತು. ಇನ್ನು ಮೈಯ ವಿಷಯ. ತಾಮ್ರವು ಗಾಳಿ ಮತ್ತು ಮಣ್ಣಿನ ಸಂಗದಿಂದ ಕಂದು, ಕಪ್ಪು, ಹಸಿರು ಬಣ್ಣಗಳ ಗಟ್ಟಿಯಾದ ತೆಳುಪೊರೆಯನ್ನು ಬೆಳೆಸಿಕೊಳ್ಳುತ್ತದೆ. ಈ ಪೊರೆ ನಾಣ್ಯವನ್ನು ಕಾಯುತ್ತದೆ. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಕಿಲುಬು ಮಾತ್ರ ರೋಗ. ಅದು ಲೋಹವನ್ನು ತಿನ್ನುತ್ತದೆ. ಹುಣಸೆಯ ಹುಳಿಗೆ ಈ ಭೇದ ತಿಳಿಯದು. ಅದು ಅಂಗಿಯನ್ನೂ ರೋಗವನ್ನೂ ಒಟ್ಟಿಗೆ ಕಿತ್ತು, ಜೊತೆಗೆ ಸ್ವಲ್ಪ ಚರ್ಮವನ್ನೂ ಒಯ್ಯುತ್ತದೆ. ನಾನು ಮಾಡಿದ ಅನ್ಯಾಯ ಇದೇ.

ಈ ವಿದ್ಯೆಯು ಬೇರೆ ದೇಶಗಳಲ್ಲಿ ಎಷ್ಟು ಮುಂದುವರಿದಿದೆಯೆಂಬುದಕ್ಕೆ ಅಮೇರಿಕೆಯ ಉದಾಹರಣೆಯನ್ನು ನೋಡಬಹುದು. ಶ್ರೀರಂಗಪಟ್ಟಣದಲ್ಲಿ ಟೀಪು ಸುಲ್ತಾನನು ಆನೆಯ ಚಿತ್ರದ ತಾಮ್ರದ ನಾಣ್ಯಗಳನ್ನು ಅಚ್ಚು ಹಾಕಿಸಿ, ಅವುಗಳಿಗೆ ಝೊಹ್ರಾ, ಬಹ್ರಾಮ್, ಅಖ್ತರ್, ಕುತ್ಬ್ ಎಂದು ಗ್ರಹನಕ್ಷತ್ರಗಳ ಹೆಸರುಗಳನ್ನು ಇಡುತ್ತಿದ್ದ ಕಾಲದಲ್ಲಿಯೇ, 1793ರಲ್ಲಿ, ಫಿಲಡೆಲ್ಫಿಯಾದ ಟಂಕಸಾಲೆಯು ಹೊಸ ಗಣರಾಜ್ಯದ ಮೊದಲ ದೊಡ್ಡ ತಾಮ್ರದ ಸೆಂಟುಗಳನ್ನು ಹೊರಡಿಸಿತು. ಆ ಸೆಂಟುಗಳನ್ನು ಅಭ್ಯಾಸ ಮಾಡಿದ ವಿಲಿಯಮ್ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞರು 1949ರಲ್ಲಿ ಒಂದು ಗ್ರಂಥ ಬರೆದು, ನಾಣ್ಯದ ಸ್ಥಿತಿಗೆ 1ರಿಂದ 70ರವರೆಗೆ ಅಂಕಗಳನ್ನು ಕೊಡುವ ಪದ್ಧತಿಯನ್ನು ಹಾಕಿದರು. ಗುರುತು ಹಿಡಿಯಲು ಮಾತ್ರ ಸಾಧ್ಯವಾದ ನಾಣ್ಯಕ್ಕೆ 1. ಅಚ್ಚಿನಿಂದ ಆಗತಾನೆ ಹೊರಬಿದ್ದಂತೆ ಕುಂದಿಲ್ಲದ ನಾಣ್ಯಕ್ಕೆ 70. ತಾಮ್ರದ ಸಂಗ್ರಾಹಕರು ಮೊದಲು ಸವೆತವನ್ನು ನೋಡಿ ಅಂಕ ಕೊಟ್ಟು, ಬಳಿಕ ಗೀರು, ತೂತು, ಕಿಲುಬು, ತಿಕ್ಕಿದ ಗುರುತು ಇವುಗಳಿಗಾಗಿ ಅಂಕಗಳನ್ನು ಕಳೆಯುತ್ತಾರೆ. ಈ ಲೆಕ್ಕದಲ್ಲಿ ನಮ್ಮ ಮನೆಯ ಶಿವರಾಯಿಗಳಿಗೆ ನಾನು ಎಷ್ಟು ಅಂಕಗಳ ನಷ್ಟವನ್ನುಂಟು ಮಾಡಿದೆನೋ ಹೇಳಲು ಧೈರ್ಯವಾಗುವುದಿಲ್ಲ.

ಶೆಲ್ಡನ್ ಅವರ ಕಥೆಗೆ ಇನ್ನೊಂದು ಮುಖವಿದೆ. 1977ರಲ್ಲಿ ಅವರು ತೀರಿಕೊಂಡ ಬಳಿಕ ಒಂದು ಸಂಗತಿ ಹೊರಬಿದ್ದಿತು. ಅಮೇರಿಕೆಯ ನಾಣ್ಯಶಾಸ್ತ್ರ ಸಂಘದ ಸಂಗ್ರಹದಲ್ಲಿದ್ದ ಉತ್ತಮ ಸೆಂಟುಗಳನ್ನು ಅವರು ತೆಗೆದುಕೊಂಡು, ಅವುಗಳ ಸ್ಥಾನದಲ್ಲಿ ಕೀಳು ದರ್ಜೆಯ ನಾಣ್ಯಗಳನ್ನು ಇಟ್ಟಿದ್ದರೆಂದು ನ್ಯಾಯಾಲಯಗಳಲ್ಲಿಯೇ ಸಿದ್ಧವಾಯಿತು. ನಾಣ್ಯದ ದರ್ಜೆಯನ್ನು ಜಗತ್ತಿಗೆ ಕಲಿಸಿದವರು ತಮ್ಮ ದರ್ಜೆಯನ್ನು ತಾವೇ ಇಳಿಸಿಕೊಂಡರು. ಸಂಗ್ರಹದ ಹವ್ಯಾಸದಲ್ಲಿ ಪ್ರೀತಿ ಎಲ್ಲಿ ಮುಗಿದು ಆಸೆ ಎಲ್ಲಿ ಮೊದಲಾಗುತ್ತದೆಂಬುದನ್ನು ಕಂಡುಕೊಳ್ಳುವುದು ಬಹು ಕಷ್ಟ.

ಎಲಿಯಟ್ ಅವರ ಪ್ರೀತಿ ಯಾವ ಬಗೆಯದೆಂಬುದನ್ನು ಅವರ ಕೊನೆಯ ವರ್ಷಗಳು ತೋರಿಸುತ್ತವೆ. 1860ರಲ್ಲಿ ನಿವೃತ್ತರಾಗಿ ಅವರು ವುಲ್ಫ್‌ಲೀಗೆ ಮರಳಿದರು. 1866ರಲ್ಲಿ ಸರ್ ಪದವಿ ಬಂದಿತು. 1878ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಮರುವರ್ಷ ಎಡಿನ್‌ಬರೋ ವಿಶ್ವವಿದ್ಯಾಲಯವು ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು. ಆದರೆ ಕಣ್ಣಿನ ಬೆಳಕು ಮೆಲ್ಲಮೆಲ್ಲನೆ ಹೋಗತೊಡಗಿತು. ನಾಣ್ಯಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಅರ್ಧ ಅಕ್ಷರಗಳನ್ನು ಕೂಡಿಸಿ ಓದುವುದೇ ಜೀವನದ ಸಂತೋಷವಾಗಿದ್ದವನಿಗೆ ಇದಕ್ಕಿಂತ ಕ್ರೂರವಾದ ಶಿಕ್ಷೆ ಬೇರೆ ಉಂಟೆ? ಆದರೂ ಅವರು ಕೈಚೆಲ್ಲಿ ಕೂಡಲಿಲ್ಲ. ಇನ್ನೊಬ್ಬರಿಂದ ಓದಿಸಿ, ಇನ್ನೊಬ್ಬರಿಂದ ಬರೆಯಿಸಿ, ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ತಮ್ಮ ದೊಡ್ಡ ಗ್ರಂಥವನ್ನು 1885-86ರಲ್ಲಿ ಪೂರ್ಣಗೊಳಿಸಿ ಪ್ರಕಟಿಸಿದರು. ಆಗ ಅವರ ವಯಸ್ಸು ಎಂಬತ್ತನ್ನು ದಾಟಿತ್ತು. ಗುಲಗಂಜಿ, ಮಂಜಾಡಿ, ಕಳಂಜು ಎಂಬ ಬೀಜಗಳ ತೂಕದಿಂದ ಮೊದಲ್ಗೊಂಡು ಚಾಲುಕ್ಯ, ಕದಂಬ, ಚೋಳ, ಪಾಂಡ್ಯ, ವಿಜಯನಗರಗಳ ನಾಣ್ಯಗಳವರೆಗೆ ಅಲ್ಲಿ ವಿವೇಚನೆಯಿದೆ. ಹೊನ್ನು, ಹಣ, ಕಾಸು ಎಂಬ ನಮ್ಮ ದಿನನಿತ್ಯದ ಮಾತುಗಳು ಅಲ್ಲಿ ಇತಿಹಾಸದ ಸಾಕ್ಷಿಗಳಾಗಿ ಬಂದು ನಿಲ್ಲುತ್ತವೆ. ಅರವತ್ತು ವರ್ಷಗಳ ಹಿಂದೆ ಧಾರವಾಡದ ಸೀಮೆಯಲ್ಲಿ ಕುದುರೆಯ ಮೇಲೆ ತಿರುಗುತ್ತಿದ್ದ ತರುಣನು ಕೂಡಿಸಿದ್ದನ್ನು ಕಣ್ಣು ಕಳೆದುಕೊಂಡ ಮುದುಕನು ಲೋಕಕ್ಕೆ ಒಪ್ಪಿಸಿದನು. ಬೆರಳ ತುದಿಯಿಂದಲೇ ಕೆಲವು ನಾಣ್ಯಗಳನ್ನು ಅವರು ಗುರುತಿಸುತ್ತಿದ್ದಿರಬಹುದೆಂದು ನಾನು ಊಹಿಸಿಕೊಳ್ಳುತ್ತೇನೆ.

1887ನೆಯ ಇಸವಿಯ ಮಾರ್ಚ 1ರ ಬೆಳಿಗ್ಗೆ ಅವರು ತಮಿಳಿನ ಪ್ರಸಿದ್ಧ ವಿದ್ವಾಂಸರಾದ ಪೋಪ್ ಅವರಿಗೆ ಒಂದು ಪತ್ರವನ್ನು ಹೇಳಿ ಬರೆಯಿಸಿದರು. ಪೋಪ್ ಅವರು ಸಿದ್ಧಪಡಿಸುತ್ತಿದ್ದ ತಿರುಕ್ಕುರಳಿನ ವಿಷಯವನ್ನು ಹಿಂದಿನ ದಿನ ಓದಿಸಿ ಕೇಳಿ ಸಂತೋಷಪಟ್ಟುದಾಗಿ ತಿಳಿಸಿ, ಇದುವರೆಗೆ ಗೊತ್ತಿಲ್ಲದ ಪ್ರಾಚೀನ ತಮಿಳು ಗ್ರಂಥಗಳೇನಾದರೂ ಈಚೆಗೆ ಅಲ್ಲಿಯ ವಿದ್ವಾಂಸರಿಗೆ ದೊರೆತಿವೆಯೇ ಎಂದು ವಿಚಾರಿಸಿದರು. ತಮ್ಮ ಕೈಯಿಂದಲೇ ರುಜು ಹಾಕಿದರು. ಅದೇ ಸಂಜೆ ಹೆಚ್ಚಿನ ನೋವಿಲ್ಲದೆ ತೀರಿಕೊಂಡರು. ಬದುಕಿನ ಕೊನೆಯ ದಿನವೂ ಅವರು ಕೇಳಿದುದು ಹೊಸದೇನು ಸಿಕ್ಕಿತೆಂಬ ಪ್ರಶ್ನೆಯನ್ನೇ.

ಇನ್ನು ಮೊದಲು ಬದಿಗಿಟ್ಟ ಪ್ರಶ್ನೆಗೆ ಬರುತ್ತೇನೆ. ಎಲಿಯಟ್ ಅವರು ಕಿತ್ತೂರನ್ನು ನುಂಗಿದ ಸರಕಾರದ ನಿಷ್ಠಾವಂತ ನೌಕರರಾಗಿದ್ದರು. ಅದನ್ನು ಮರೆಮಾಚುವ ಅಗತ್ಯವಿಲ್ಲ. ಅವರು ಕೂಡಿಸಿದ ನಾಣ್ಯಗಳೂ ತಾಮ್ರಪಟಗಳೂ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿವೆ. ನಮ್ಮ ಮಣ್ಣಿನ ಸಾಕ್ಷಿಗಳನ್ನು ನೋಡಲು ನಾವು ಸಮುದ್ರ ದಾಟಬೇಕಾಗಿದೆ. ಇದು ನಷ್ಟವೇ ಸರಿ. ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಅವರ ಕೈಗೆ ಬಿದ್ದ ಒಂದು ನಾಣ್ಯವೂ ಕಂಚಗಾರನ ಮೂಸೆಗೆ ಹೋಗಲಿಲ್ಲ. ನಮ್ಮ ಕೈಯಲ್ಲಿಯೇ ಉಳಿದವುಗಳಲ್ಲಿ ಎಷ್ಟು ಕರಗಿ ಕೊಡಪಾನಗಳ ತಳವಾದವೋ ಲೆಕ್ಕವಿಟ್ಟವರಿಲ್ಲ. ಅವರು ಒಯ್ದರೆಂದು ನಾವು ದೂರುವಾಗ, ನಾವು ಕರಗಿಸಿದೆವೆಂಬುದನ್ನೂ ಒಪ್ಪಿಕೊಳ್ಳಬೇಕು. ಮತ್ತು ಒಂದು ಋಣವೂ ಇಲ್ಲಿದೆ. ಕೈಗೆ ಸಿಕ್ಕ ಶತ್ರುವಿನ ಪ್ರಾಣವನ್ನು ಕಿತ್ತೂರು ಕಾಯ್ದಿತು. ಹಾಗೆ ಕಾಯ್ದ ಪ್ರಾಣದಿಂದ ಕನ್ನಡ ನಾಡಿನ 595 ಶಾಸನಗಳ ನಕಲುಗಳು ಉಳಿದವು. ಇದನ್ನು ಎಲಿಯಟ್ ಅವರ ಔದಾರ್ಯವೆಂದು ಬರೆಯುವವರು ಬರೆಯಲಿ. ನಾನು ಇದನ್ನು ರಾಣಿ ಚೆನ್ನಮ್ಮನವರ ಖಾತೆಗೂ ಜಮೆ ಮಾಡುತ್ತೇನೆ.

ನಮ್ಮ ಸುತ್ತಲಿನ ಊರುಗಳಲ್ಲಿ ಹಳೆಯ ಮನೆಗಳನ್ನು ಕೆಡವುವಾಗ, ಬಾವಿ ತೋಡುವಾಗ, ಹೊಲ ಉಳುವಾಗ ಈಗಲೂ ನಾಣ್ಯಗಳು ಸಿಗುತ್ತವೆ. ನಿಪ್ಪಾಣಿ ಅಥಣಿಗಳ ಬಾಂಡೆ ಅಂಗಡಿಗಳಲ್ಲಿ ಅವು ತೂಕಕ್ಕೆ ಮಾರಿಹೋಗುವುದನ್ನು ನಾನೇ ಕಂಡಿದ್ದೇನೆ. ಭೂಮಿಯಲ್ಲಿ ದೊರೆತ ನಿಧಿಯನ್ನು ಸರಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೇ ಇದೆ. ಆದರೆ ಮನೆಯ ಡಬ್ಬಿಯಲ್ಲಿರುವ ಅಜ್ಜಿಯ ದುಡ್ಡನ್ನು ಕಾಯುವ ಕಾನೂನು ಯಾವುದೂ ಇಲ್ಲ. ಅದನ್ನು ನಾವೇ ಕಾಯಬೇಕು. ವಿದ್ಯಾರ್ಥಿ ಮಿತ್ರರು ಮಾಡಬೇಕಾದುದು ಬಹಳವಿಲ್ಲ. ಸಿಕ್ಕ ನಾಣ್ಯವನ್ನು ತಿಕ್ಕಬೇಡಿರಿ. ಎಲ್ಲಿ, ಯಾವಾಗ, ಯಾವುದರ ಜೊತೆಗೆ ಸಿಕ್ಕಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿರಿ; ಊರಿನ ಹೆಸರಿಲ್ಲದ ನಾಣ್ಯವು ಅರ್ಧ ಮೂಕ. ಬಲ್ಲವರಿಗೆ ತೋರಿಸಿರಿ. ಧಾರವಾಡದಲ್ಲಿ 1939ರಲ್ಲಿ ಹುಟ್ಟಿದ ಕನ್ನಡ ಸಂಶೋಧನ ಸಂಸ್ಥೆಯು ಇಂಥ ಕೆಲಸಕ್ಕಾಗಿಯೇ ಇದೆ.

ಕಳೆದ ದೀಪಾವಳಿಗೆ ನಾನು ಉಳಿದ ಆರು ಶಿವರಾಯಿಗಳನ್ನು ಬೇರೆಬೇರೆ ಕಾಗದದ ಲಕೋಟೆಗಳಲ್ಲಿಟ್ಟು, ಮೇಲೆ ನಮ್ಮ ಊರಿನ ಹೆಸರು, ಅಜ್ಜಿಯ ತವರಿನ ಹೆಸರು ಬರೆದೆ. ಅವು ಅವಳ ತಾಯಿಯ ಮನೆಯಿಂದ ಬಂದವೆಂಬುದು ಅಂದೇ ನನಗೆ ತಿಳಿಯಿತು. ಅದುವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. ಏಳನೆಯ ದುಡ್ಡು, ಅಧ್ಯಾಪಕರಿಗೆ ತೋರಿಸಿದ್ದು, ನನ್ನ ಮೇಜಿನ ಮೇಲಿದೆ. ಅದು ಮತ್ತೆ ನಿಧಾನವಾಗಿ ಕಪ್ಪಾಗುತ್ತಿದೆ. ಕಳೆದುಹೋದ ಅಕ್ಷರ ಮರಳಿ ಬರುವುದಿಲ್ಲ. ಆದರೆ ಅಂಗಿಯನ್ನು ಮಾತ್ರ ಅದು ಹೊಸದಾಗಿ ನೇಯ್ದುಕೊಳ್ಳುತ್ತಿದೆ.